ಎಡದ ತಪ್ಪನ್ನು ಬಲದ ತಪ್ಪು ತೊಳೆಯುತ್ತದೆಯೇ?

ಪ್ರಶ್ನೆ: ನನ್ನ ಮಗ ಮರ್ಚೆಂಟ್ ನೇವಿಯಲ್ಲಿ ಕೆಡೆಟ್. ಜಿಪಿಎಸ್ ಕೈಕೊಟ್ಟರೂ ‘ಡೆಡ್ ರೆಕನಿಂಗ್’ ಲೆಕ್ಕದಿಂದ ಹಡಗು ನಡೆಸಬಹುದು ಎನ್ನುತ್ತಾನೆ. ಈ ಲೆಕ್ಕ ಎಷ್ಟು ನಿಖರ? ದೂರದ ಪ್ರಯಾಣದಲ್ಲಿ ಎಡಬಲದ ತಪ್ಪುಗಳು ಒಂದಕ್ಕೊಂದು ವಜಾ ಆಗಿ ಕೊನೆಗೆ ಎಲ್ಲ ಸರಿಹೋಗುತ್ತದಂತೆ, ನಿಜವೇ?
— ಒಬ್ಬ ಓದುಗರು, ವಿರಾಜಪೇಟೆ

ಉತ್ತರ: ಕೊಡಗಿಗೆ ಕಡಲಿಲ್ಲ. ಆದರೆ ಮಕ್ಕಳನ್ನು ಕಡಲಿಗೆ ಕಳಿಸಿದ ಮನೆಗಳು ಇಲ್ಲಿವೆ. ಹಾಗಾಗಿ ಈ ಪ್ರಶ್ನೆ ಗೋಣಿಕೊಪ್ಪದಿಂದಲೂ ಬರುತ್ತದೆ, ಸೋಮವಾರಪೇಟೆಯಿಂದಲೂ ಬರುತ್ತದೆ. ಮೊದಲ ಭಾಗಕ್ಕೆ ಉತ್ತರಿಸಲು ಬೇಸರವಿಲ್ಲ. ಎರಡನೆಯ ಭಾಗ ಮಾತ್ರ ಎಷ್ಟು ಬಾರಿ ಅಲ್ಲಗಳೆದರೂ ಮತ್ತೆ ಬಂದು ನಿಲ್ಲುತ್ತದೆ. ಈ ಸಲ ಅಂಕಿಗಳನ್ನೇ ಮುಂದಿಟ್ಟು ಹೇಳುತ್ತೇನೆ.

ಲೆಕ್ಕದ ವಿಧಾನ ಸರಳ. ಖಚಿತವಾಗಿ ಗೊತ್ತಿರುವ ಒಂದು ಸ್ಥಾನದಿಂದ ಹೊರಡುತ್ತೀರಿ. ದಿಕ್ಸೂಚಿ ತೋರಿಸುವ ದಿಕ್ಕಿನಲ್ಲಿ ನಕ್ಷೆಯ ಮೇಲೆ ಪೆನ್ಸಿಲ್ ಗೆರೆ ಎಳೆಯುತ್ತೀರಿ. ವೇಗವನ್ನು ಸಮಯದಿಂದ ಗುಣಿಸಿ, ಬಂದ ದೂರವನ್ನು ಆ ಗೆರೆಯ ಮೇಲೆ ಅಳೆದು, ಗುರುತು ಹಾಕಿ, ಪಕ್ಕದಲ್ಲಿ ವೇಳೆ ಬರೆಯುತ್ತೀರಿ. 12 ನಾಟ್ ವೇಗದಲ್ಲಿ ಎರಡು ಗಂಟೆ ಎಂದರೆ 24 ನಾಟಿಕಲ್ ಮೈಲಿ. ಒಂದು ನಾಟಿಕಲ್ ಮೈಲಿ 1852 ಮೀಟರ್. ವಿಧಾನ ಇಷ್ಟೇ. ಆದರೆ ಈ ಗುರುತು ಹಡಗು ನಿಜಕ್ಕೂ ಇರುವ ಜಾಗವಲ್ಲ ಎಂಬುದನ್ನು ಹೊಸಬರು ಬಹುಬೇಗ ಮರೆಯುತ್ತಾರೆ. ನೀರಿನ ಸೆಳೆತವೂ ಗಾಳಿಯ ತಳ್ಳುವಿಕೆಯೂ ಇಲ್ಲದೇ ಹೋಗಿದ್ದರೆ ಹಡಗು ಎಲ್ಲಿರುತ್ತಿತ್ತೋ ಆ ಜಾಗ ಅದು. ಸೆಳೆತವನ್ನೂ ಗಾಳಿಯನ್ನೂ ಸೇರಿಸಿ ತಿದ್ದಿದ ಸ್ಥಾನಕ್ಕೆ ಬೇರೆಯೇ ಗುರುತಿದೆ. ಬ್ರಿಟಿಷ್ ಪದ್ಧತಿಯಲ್ಲಿ ಅದು ತ್ರಿಕೋನ. ದೀಪಸ್ತಂಭ, ನಕ್ಷತ್ರ ಅಥವಾ ಉಪಗ್ರಹದಿಂದ ಖಚಿತಪಡಿಸಿಕೊಂಡ ಸ್ಥಾನಕ್ಕೆ ವೃತ್ತ. ನಂಬಿಕೆಯ ಮಟ್ಟ ಬೇರೆ ಬೇರೆ ಇರುವುದರಿಂದಲೇ ಗುರುತುಗಳೂ ಬೇರೆ ಬೇರೆ.

ಇನ್ನು ‘ವಜಾ ಆಗುತ್ತದೆ’ ಎಂಬ ನಂಬಿಕೆ. ಇದು ತಪ್ಪು ಮಾತ್ರವಲ್ಲ, ಅಪಾಯಕಾರಿ.

ಮಂಗಳೂರಿನಿಂದ ಲಕ್ಷದ್ವೀಪದ ಕವರತ್ತಿಗೆ ಮಳೆಗಾಲದಲ್ಲಿ ಹೊರಟ ಒಂದು ಹಡಗನ್ನು ತೆಗೆದುಕೊಳ್ಳಿ. ದೂರ ಸುಮಾರು 190 ನಾಟಿಕಲ್ ಮೈಲಿ, ದಿಕ್ಕು ನೈಋತ್ಯ. 10 ನಾಟ್ ವೇಗದಲ್ಲಿ 19 ಗಂಟೆಗಳ ದಾರಿ. ದಿಕ್ಸೂಚಿಯಲ್ಲಿ ಯಾರ ಗಮನಕ್ಕೂ ಬಾರದ 2 ಡಿಗ್ರಿ ದೋಷವಿದ್ದು, ಅದು ಹಡಗನ್ನು ಎಡಕ್ಕೆ ಒಯ್ಯುತ್ತಿದೆ ಎನ್ನಿ. ದಾರಿ ಮುಗಿಯುವಾಗ ಅದರಿಂದಲೇ ಆರೂವರೆ ಮೈಲಿ ತಪ್ಪಿರುತ್ತದೆ. ಮುಂಗಾರಿನ ತಿಂಗಳುಗಳಲ್ಲಿ ನಮ್ಮ ಪಶ್ಚಿಮ ಕರಾವಳಿಯ ಪ್ರವಾಹ ದಕ್ಷಿಣಕ್ಕೆ ಹರಿಯುತ್ತದೆ. ಅದರ ವೇಗ ಅರ್ಧ ನಾಟ್ ಇದ್ದರೂ 19 ಗಂಟೆಯಲ್ಲಿ ಹಡಗನ್ನು ಒಂಬತ್ತೂವರೆ ಮೈಲಿ ದಕ್ಷಿಣಕ್ಕೆ ಒಯ್ದಿರುತ್ತದೆ. ಅದರಲ್ಲಿ ಆರು ಮೈಲಿಗೂ ಹೆಚ್ಚು ಪಾಲು ನೈಋತ್ಯಕ್ಕೆ ಮುಖ ಮಾಡಿದ ಹಡಗಿನ ಎಡಕ್ಕೇ ಬೀಳುತ್ತದೆ. ಪಶ್ಚಿಮದ ಗಾಳಿಯೂ ತಳ್ಳುವುದು ಎಡಕ್ಕೇ. ಮೂರು ಕಾರಣಗಳು, ಮೂರೂ ಒಂದೇ ಕಡೆಗೆ. ಗಾಳಿಯನ್ನು ಬಿಟ್ಟು ಲೆಕ್ಕ ಹಾಕಿದರೂ ಹದಿಮೂರು ಮೈಲಿ ತಪ್ಪಿತು. ಕವರತ್ತಿ ಸುಮಾರು 4 ಚದರ ಕಿಲೋಮೀಟರಿನ, ನೀರಿನ ಮಟ್ಟಕ್ಕಿಂತ ಕೆಲವೇ ಮೀಟರ್ ಮೇಲಿರುವ ದ್ವೀಪ. ಮಳೆಯ ಮಬ್ಬಿನಲ್ಲಿ ಹದಿಮೂರು ಮೈಲಿ ದೂರದಿಂದ ಅದರ ತೆಂಗಿನ ತಲೆಯೂ ಕಾಣಿಸದು.

ಇಲ್ಲಿ ವಜಾ ಆಗಲು ಏನಿದೆ ಹೇಳಿ. ದಿಕ್ಸೂಚಿಯ ದೋಷ ಈಗ ಎಡಕ್ಕೆ, ಇನ್ನೊಂದು ಗಳಿಗೆಗೆ ಬಲಕ್ಕೆ ಎಂದು ಬದಲಾಗುವುದಿಲ್ಲ. ಅದೇ ದಿಕ್ಕಿನಲ್ಲಿ ಸಾಗುವಷ್ಟು ಹೊತ್ತೂ ಅದು ಅಷ್ಟೇ ಇರುತ್ತದೆ. ಋತುವಿಗೆ ತಕ್ಕ ಪ್ರವಾಹವೂ ಒಂದು ರಾತ್ರಿಯಲ್ಲಿ ಮನಸ್ಸು ಬದಲಿಸುವುದಿಲ್ಲ. ಕಾಫಿ ಮಾರಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ತೂಕದ ಯಂತ್ರ ಮೂಟೆಗೆ ಅರ್ಧ ಕಿಲೋ ಕಡಿಮೆ ತೋರಿಸಿದರೆ ನೂರು ಮೂಟೆಗೆ ಐವತ್ತು ಕಿಲೋ ಹೋಯಿತು. ಮೂಟೆ ಹೆಚ್ಚಾದಷ್ಟೂ ನಷ್ಟ ಹೆಚ್ಚುತ್ತದೆಯೇ ಹೊರತು ಸರಿಹೋಗುವುದಿಲ್ಲ.

‘ಚುಕ್ಕಾಣಿ ಹಿಡಿದವನ ಕೈ ಅತ್ತಿತ್ತ ಆಗುವಂಥ ತಪ್ಪುಗಳಾದರೂ ವಜಾ ಆಗಬೇಕಲ್ಲ?’ ಎಂದು ಓದಿಕೊಂಡವರು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಅದಕ್ಕೂ ಉತ್ತರ ಪೂರ್ತಿ ಹೌದಲ್ಲ. ಪ್ರಯಾಣದಲ್ಲಿ 16 ಹಂತಗಳಿವೆ, ಪ್ರತಿ ಹಂತದಲ್ಲೂ ಒಂದು ಮೈಲಿ ಎಡಕ್ಕೋ ಬಲಕ್ಕೋ ಕೇವಲ ಆಕಸ್ಮಿಕವಾಗಿ ತಪ್ಪುತ್ತದೆ ಎಂದುಕೊಳ್ಳಿ. ಕೊನೆಯಲ್ಲಿ ತಪ್ಪು 16 ಮೈಲಿಯಾಗುವ ಸಾಧ್ಯತೆ ತೀರಾ ಕಡಿಮೆ, ನಿಜ. ಆದರೆ ಅದು ಸೊನ್ನೆಗೆ ಇಳಿಯುತ್ತದೆಂಬ ಖಾತ್ರಿಯೂ ಇಲ್ಲ. ಸಾಮಾನ್ಯವಾಗಿ ಮೂರು ನಾಲ್ಕು ಮೈಲಿ ಉಳಿಯುತ್ತದೆ, ಏಕೆಂದರೆ ಇಂಥ ತಪ್ಪು ಹಂತಗಳ ಸಂಖ್ಯೆಯ ವರ್ಗಮೂಲದಂತೆ ಬೆಳೆಯುತ್ತದೆ. ನಿಧಾನವಾಗಿಯಾದರೂ ಬೆಳೆಯುವುದು ಬೆಳೆಯುವುದೇ.

ಈ ಲೆಕ್ಕವನ್ನು ಅತಿಯಾಗಿ ನಂಬಿದರೆ ಏನಾಗುತ್ತದೆ ಎಂಬುದಕ್ಕೆ 1923ರ ಸೆಪ್ಟೆಂಬರ್ 8ರ ರಾತ್ರಿ ಸಾಕ್ಷಿ. ಅಮೆರಿಕದ ನೌಕಾಪಡೆಯ 14 ಡೆಸ್ಟ್ರಾಯರ್‌ಗಳು ಸ್ಯಾನ್ ಫ್ರಾನ್ಸಿಸ್ಕೊದಿಂದ ಸ್ಯಾನ್ ಡಿಯಾಗೊಗೆ 20 ನಾಟ್ ವೇಗದಲ್ಲಿ ಹೊರಟಿದ್ದವು. ಪ್ರೊಪೆಲ್ಲರ್ ಸುತ್ತುಗಳಿಂದ ವೇಗವನ್ನು ಲೆಕ್ಕ ಹಾಕಲಾಗಿತ್ತು. ದಡದ ರೇಡಿಯೊ ಕೇಂದ್ರ ‘ನೀವಿನ್ನೂ ಉತ್ತರದಲ್ಲೇ ಇದ್ದೀರಿ’ ಎಂಬ ಅರ್ಥ ಬರುವ ದಿಕ್ಕುಗಳನ್ನು ಕೊಟ್ಟಿತು. ಆ ಕಾಲಕ್ಕೆ ರೇಡಿಯೊ ಹೊಸದು, ಅಧಿಕಾರಿಗಳು ಪೆನ್ಸಿಲ್ ಗುರುತನ್ನೇ ನಂಬಿದರು. ಸಾಂತಾ ಬಾರ್ಬರಾ ಕಡಲ್ಗಾಲುವೆಯ ಬಾಯಿಗೆ ಬಂದೆವೆಂದುಕೊಂಡು ರಾತ್ರಿ ಒಂಬತ್ತಕ್ಕೆ ಪೂರ್ವಕ್ಕೆ ತಿರುಗಿದರು. ಐದೇ ನಿಮಿಷದಲ್ಲಿ ಮುಂದಿದ್ದ ‘ಡೆಲ್ಫಿ’ ಮಂಜಿನಲ್ಲಿ ಹೋಂಡಾ ಪಾಯಿಂಟ್‌ನ ಬಂಡೆಗಳಿಗೆ ಬಡಿಯಿತು. ಒಟ್ಟು ಏಳು ಹಡಗುಗಳು ಅಲ್ಲೇ ನಾಶವಾದವು, 23 ನಾವಿಕರು ಸತ್ತರು. ಗುಣಾಕಾರದಲ್ಲಿ ತಪ್ಪಿರಲಿಲ್ಲ. ಗುಣಿಸಿದ ವೇಗ ಮತ್ತು ಹಡಗು ನಿಜವಾಗಿ ಮುಂದುವರಿದ ವೇಗ ಬೇರೆಯಾಗಿದ್ದವು.

ಹಾಗಾದರೆ ನಿಖರತೆ ಎಷ್ಟು? ‘ನೂರಕ್ಕೆ ಇಷ್ಟು’ ಎಂಬ ಒಂದೇ ಅಂಕಿ ಬೇಡುವವರಿಗೆ ಕೊಡಲು ನನ್ನ ಬಳಿ ಅಂಥ ಅಂಕಿಯಿಲ್ಲ, ಯಾರ ಬಳಿಯೂ ಇರಲಾರದು. ಕೊನೆಯ ಖಚಿತ ಸ್ಥಾನ ಸಿಕ್ಕು ಎಷ್ಟು ಹೊತ್ತಾಯಿತು ಎಂಬುದರ ಮೇಲೆ ಎಲ್ಲವೂ ನಿಂತಿದೆ. ಅರ್ಧ ಗಂಟೆಯ ಹಿಂದೆ ದೀಪಸ್ತಂಭ ನೋಡಿ ಸ್ಥಾನ ಗುರುತಿಸಿದ್ದರೆ ಲೆಕ್ಕ ಬಹಳ ಒಳ್ಳೆಯದು. ಮೂರು ದಿನ ಸೂರ್ಯನೇ ಕಾಣಿಸಿಲ್ಲವೆಂದರೆ ಆ ಗುರುತಿನ ಸುತ್ತ ದೊಡ್ಡದೊಂದು ವೃತ್ತ ಎಳೆದು, ಹಡಗು ಅದರೊಳಗೆ ಎಲ್ಲಿ ಬೇಕಾದರೂ ಇರಬಹುದು ಎಂದುಕೊಂಡೇ ನಡೆಯಬೇಕು.

ಇದನ್ನು ಅರಿತವನು ಹೇಗೆ ನಡೆದುಕೊಳ್ಳುತ್ತಾನೆಂದು ಫ್ರಾಂಕ್ ವರ್ಸ್ಲಿ 1916ರಲ್ಲಿ ತೋರಿಸಿದ. ಅಂಟಾರ್ಕ್ಟಿಕ ಅನ್ವೇಷಕ ಷ್ಯಾಕಲ್ಟನ್ ಜೊತೆ ಪುಟ್ಟ ದೋಣಿಯಲ್ಲಿ, ಎಲಿಫೆಂಟ್ ದ್ವೀಪದಿಂದ ದಕ್ಷಿಣ ಜಾರ್ಜಿಯಾಕ್ಕೆ ಸುಮಾರು 800 ನಾಟಿಕಲ್ ಮೈಲಿ. ದಾರಿಯುದ್ದಕ್ಕೂ ಸೂರ್ಯನನ್ನು ಕೋನ ಅಳೆಯುವ ಉಪಕರಣವಾದ ಸೆಕ್ಸ್ಟಂಟ್‌ನಲ್ಲಿ ಅಳೆಯಲು ಸಿಕ್ಕಿದ್ದು ಬೆರಳೆಣಿಕೆಯ ಸಲ. ಉಳಿದದ್ದೆಲ್ಲ ಡೆಡ್ ರೆಕನಿಂಗ್. ಹತ್ತು ಮೈಲಿಯ ಒಳಗೆ ಸ್ಥಾನ ಹೇಳುವ ಭರವಸೆ ತನಗಿಲ್ಲವೆಂದು ಅವನು ನೇರವಾಗಿಯೇ ತಿಳಿಸಿದ. ಹಾಗಾಗಿ ಜನವಸತಿಯಿದ್ದ ಪೂರ್ವದ ಕರಾವಳಿಯನ್ನು ಬಿಟ್ಟು ಪಶ್ಚಿಮದ ಕರಾವಳಿಗೆ ಗುರಿಯಿಟ್ಟರು. ಪೂರ್ವದ ಕಡೆಗೆ ಹೊರಟು ದ್ವೀಪ ತಪ್ಪಿದ್ದರೆ ಪಶ್ಚಿಮದ ಗಾಳಿಗೆ ಎದುರಾಗಿ ಹಿಂದಿರುಗುವ ದಾರಿಯೇ ಇರಲಿಲ್ಲ. ಅವನ ಲೆಕ್ಕವನ್ನು ಎಲ್ಲರೂ ಹೊಗಳುತ್ತಾರೆ. ತಪ್ಪು ಎಷ್ಟಿರಬಹುದೆಂದು ತಿಳಿದು ಅದಕ್ಕೆ ಜಾಗ ಬಿಟ್ಟುಕೊಂಡನಲ್ಲ, ನನಗೆ ಅದು ಇನ್ನೂ ದೊಡ್ಡದಾಗಿ ಕಾಣುತ್ತದೆ. ನಿಮ್ಮ ಮಗನಿಗೆ ಇದನ್ನು ಖಂಡಿತ ಹೇಳಿ.

ಯಾರೂ ಕೇಳದ ಒಂದು ವಿಷಯವನ್ನೂ ಸೇರಿಸುತ್ತೇನೆ, ನಮ್ಮ ಬೆಟ್ಟಗಳಲ್ಲಿ ಓಡಾಡುವವರಿಗೆ ಉಪಯೋಗಕ್ಕೆ ಬರುತ್ತದೆ. ತಡಿಯಂಡಮೋಳ್ ಮೇಲೆ ಮಂಜು ಮುಚ್ಚಿಕೊಂಡಾಗ ‘ನೇರ ನಡೆದರೆ ಎಲ್ಲಿಗಾದರೂ ತಲುಪುತ್ತೇವೆ’ ಎಂದು ಹೊರಡುವವರಿದ್ದಾರೆ. ಮನುಷ್ಯ ಹಾಗೆ ನೇರ ನಡೆಯಲಾರ. 2009ರಲ್ಲಿ ಪ್ರಕಟವಾದ ಒಂದು ಜರ್ಮನ್ ಸಂಶೋಧನೆಯಲ್ಲಿ ಜನರನ್ನು ಕಾಡಿನಲ್ಲೂ ಸಹಾರಾ ಮರುಭೂಮಿಯಲ್ಲೂ ನಡೆಸಿ ನೋಡಿದರು. ಸೂರ್ಯನೋ ಚಂದ್ರನೋ ಕಾಣುತ್ತಿದ್ದಾಗ ಬಹುಮಟ್ಟಿಗೆ ನೇರ ನಡೆದವರು, ಮೋಡ ಮುಚ್ಚಿದಾಗ ತಮಗೆ ಅರಿವಿಲ್ಲದೆ ಸುತ್ತು ಹಾಕಿದರು. ಕಣ್ಣು ಕಟ್ಟಿ ನಡೆಸಿದಾಗ ಆ ಸುತ್ತು ಕೆಲವೊಮ್ಮೆ 20 ಮೀಟರ್ ವ್ಯಾಸಕ್ಕೆ ಇಳಿಯಿತು. ಒಂದು ಕಾಲು ಗಿಡ್ಡವೆಂಬ ಹಳೆಯ ವಿವರಣೆ ಅಲ್ಲಿ ನಿಲ್ಲಲಿಲ್ಲ, ಏಕೆಂದರೆ ಒಬ್ಬನೇ ವ್ಯಕ್ತಿ ಒಮ್ಮೆ ಎಡಕ್ಕೂ ಒಮ್ಮೆ ಬಲಕ್ಕೂ ಸುತ್ತುತ್ತಿದ್ದ. ‘ನೇರ’ ಯಾವುದು ಎಂಬ ಮನಸ್ಸಿನ ಅಂದಾಜಿನಲ್ಲಿ ಹೆಜ್ಜೆಹೆಜ್ಜೆಗೂ ಸೇರುವ ಸಣ್ಣ ಆಕಸ್ಮಿಕ ತಪ್ಪುಗಳು ಒಟ್ಟುಗೂಡುತ್ತಿದ್ದವು. ಅವೂ ವಜಾ ಆಗುವುದಿಲ್ಲ. ಮಂಜು ಕವಿದರೆ ಕಾಲುದಾರಿ ಬಿಡಬೇಡಿ. ದಾರಿ ಈಗಾಗಲೇ ತಪ್ಪಿದ್ದರೆ ಕೊನೆಯದಾಗಿ ಖಚಿತವಾಗಿ ಗುರುತಿಸಿದ ಬಂಡೆಯ ಬಳಿಯೋ ಮರದ ಬಳಿಯೋ ಕುಳಿತು, ಮಂಜು ಸರಿಯುವವರೆಗೆ ಕಾಯಿರಿ.