ಮನೆಯ ವೆಚ್ಚದಲ್ಲಿ ಸೇರದ ಸಂಬಳಗಳು

ಕಡಿಮೆ ಆದಾಯದವರ ವಸತಿಯ ಬಗ್ಗೆ ಮುಂಬಯಿಯಲ್ಲಿ ಎಲ್ಲಿ ಚರ್ಚೆಯಾದರೂ ಮಾತು ಬಹುಬೇಗ ಜಾಗದ ಬೆಲೆ, ಎಫ್‌ಎಸ್‌ಐ (ಜಾಗದ ಅಳತೆಗೆ ತಕ್ಕಂತೆ ಎಷ್ಟು ಕಟ್ಟಬಹುದೆಂಬ ಮಿತಿ), ಬಿಲ್ಡರ್ ಮತ್ತು ಸರಕಾರದ ಕಡೆಗೆ ಹೊರಳುತ್ತದೆ. 2011ರ ಜನಗಣತಿಯ ಪ್ರಕಾರ ಈ ನಗರದ ಪ್ರತಿ ಐವರಲ್ಲಿ ಇಬ್ಬರು ಜೋಪಡಪಟ್ಟಿಯ, ಅಂದರೆ ಕೊಳೆಗೇರಿಯ, ನಿವಾಸಿಗಳಾದ್ದರಿಂದ ಅದು ಸಹಜವೇ. ಆದರೆ ಈ ಕ್ಷೇತ್ರದ ಸ್ವಯಂಸೇವಾ ಸಂಸ್ಥೆಯೊಂದರಲ್ಲಿ ಬಹುಕಾಲದಿಂದ ಕಾರ್ಯಕ್ರಮಗಳ ಹೊಣೆ ಹೊತ್ತಿರುವ ನಾನು ಕಂಡಂತೆ, ಒಂದು ಕುಟುಂಬಕ್ಕೆ ಮನೆ ಸಿಗುತ್ತದೆಯೇ, ಸಿಕ್ಕ ಮನೆಯಲ್ಲಿ ಅದು ನೆಲೆ ನಿಲ್ಲುತ್ತದೆಯೇ ಎಂಬುದು ಬಹುಮಟ್ಟಿಗೆ ಬೇರೆಯವರ ಕೈಯಲ್ಲಿರುತ್ತದೆ. ಗಲ್ಲಿ ಗಲ್ಲಿ ತಿರುಗುವ ಕಾರ್ಯಕರ್ತೆ, ಕಚೇರಿಯಲ್ಲಿ ಕಡತ ಜೋಡಿಸುವ ಗುಮಾಸ್ತ, ಕಟ್ಟಡ ಎದ್ದ ಮೇಲೆ ಸೊಸೈಟಿಯ, ಅಂದರೆ ನಿವಾಸಿಗಳ ಸಹಕಾರಿ ಸಂಘದ, ಲೆಕ್ಕಪತ್ರ ಕಲಿಸುವ ಸಿಬ್ಬಂದಿ, ಇವರ ಸಂಬಳವನ್ನು ಮನೆಯ ವೆಚ್ಚವೆಂದು ಯಾವ ಅಂದಾಜುಪಟ್ಟಿಯೂ ಬರೆಯುವುದಿಲ್ಲ. ಬರೆಯಬೇಕು ಎಂಬುದು ನನ್ನ ವಾದ.

ಅವರ ಕೆಲಸ ಎಲ್ಲಿಂದ ಶುರುವಾಗುತ್ತದೆ ಎಂಬುದನ್ನು ಮೊದಲು ಹೇಳಬೇಕು. ಮಹಾರಾಷ್ಟ್ರದ 1971ರ ಕೊಳಚೆ ಪ್ರದೇಶಗಳ ಕಾಯ್ದೆಯ ಅಡಿಯಲ್ಲಿ 1995ರಲ್ಲಿ ರಚನೆಯಾದ ಪುನರ್ವಸತಿ ಪ್ರಾಧಿಕಾರವನ್ನು ಇಲ್ಲಿ ಎಲ್ಲರೂ ಎಸ್‌ಆರ್‌ಎ ಎಂದೇ ಕರೆಯುತ್ತಾರೆ. 2000ದ ಜನವರಿ 1ಕ್ಕಿಂತ ಮೊದಲಿನಿಂದ ಇರುವ ಜೋಪಡಿಯ ನಿವಾಸಿಗೆ, ಬಿಲ್ಡರ್‌ನಿಂದ ಕಟ್ಟಡ ಕಟ್ಟಿಸಿ ಮನೆ ಕೊಡಿಸುವ ಅದರ ಯೋಜನೆಯಲ್ಲಿ, ಮನೆ ಉಚಿತ. ಅದರ ನಂತರ, 2011ರ ಜನವರಿ 1ರೊಳಗೆ ಬಂದವರು 2023ರ ಸರಕಾರಿ ನಿರ್ಣಯದಂತೆ ಎರಡೂವರೆ ಲಕ್ಷ ರೂಪಾಯಿ ತುಂಬಿ ಪಡೆಯಬಹುದು. ಸಿಗುವುದು ಈಗ 300 ಚದರಡಿಯ ಮನೆ; ಆರಂಭದ ವರ್ಷಗಳಲ್ಲಿ ಅದು 225 ಇತ್ತು. ಹೀಗಾಗಿ ಕುಟುಂಬವೊಂದು ಎಷ್ಟು ವರ್ಷದಿಂದ ಅಲ್ಲಿ ಬದುಕುತ್ತಿದೆ ಎಂಬುದಕ್ಕಿಂತ, ಆ ತಾರೀಖಿಗೆ ಮೊದಲು ಅದು ಅಲ್ಲಿತ್ತೆಂದು ಹೇಳುವ ಕಾಗದ ಅದರ ಬಳಿ ಇದೆಯೇ ಎಂಬುದು ಮುಖ್ಯವಾಗುತ್ತದೆ. ಅರ್ಹರ ಪಟ್ಟಿಗೆ ಅನೆಕ್ಸರ್ ಟೂ ಎಂದು ಹೆಸರು. ಅದರಲ್ಲಿ ಹೆಸರಿನ ಮುಂದೆ 'ಅಪಾತ್ರ' ಎಂದು ಬಿದ್ದರೆ ಮೇಲ್ಮನವಿಯ ದಾರಿ ಇದೆ, ಆದರೆ ದಿನಗೂಲಿಯವರಿಗೆ ಅದು ಬಹಳ ದೂರದ ದಾರಿ.

ಈ ಹಂತದಲ್ಲಿ ಕಾರ್ಯಕರ್ತೆಯೊಬ್ಬಳು ಮಾಡುವ ಕೆಲಸವನ್ನು ಹತ್ತಿರದಿಂದ ನೋಡದವರಿಗೆ ಅದರ ಸೂಕ್ಷ್ಮ ತಿಳಿಯುವುದು ಕಷ್ಟ. ಕಲಬುರಗಿ, ಯಾದಗಿರಿ, ವಿಜಯಪುರ ಜಿಲ್ಲೆಗಳಿಂದ ಗಾರೆ ಕೆಲಸಕ್ಕೆ ಬಂದು ನೆಲೆಸಿದ ಕನ್ನಡ ಕುಟುಂಬಗಳ ಗಲ್ಲಿಯನ್ನೇ ತೆಗೆದುಕೊಳ್ಳಿ. ಆಕೆ ಹೊಸ್ತಿಲ ಹೊರಗೆ ಕುಳಿತು, "ಅಕ್ಕಾ, ಲೈಟ್ ಬಿಲ್ ಯಾರ ಹೆಸರಿನಾಗ ಐತಿ? ಹಳೇದು ಇದ್ರ ಅದನ್ನೂ ತಗೀರಿ" ಎಂದು ಕೇಳುತ್ತಾಳೆ. ಮನೆಯಾಕೆ ಟ್ರಂಕಿನ ತಳದಿಂದ ಪ್ಲಾಸ್ಟಿಕ್ ಚೀಲವೊಂದನ್ನು ತೆಗೆದು ಸುರಿಯುತ್ತಾಳೆ. ರೇಷನ್ ಕಾರ್ಡಿನಲ್ಲಿ ಗಂಡನ ಹೆಸರು ಭೀಮಪ್ಪ, ವಿದ್ಯುತ್ ಬಿಲ್ಲಿನಲ್ಲಿ ಭೀಮಾ, ಮತದಾರರ ಪಟ್ಟಿಯಲ್ಲಿ ತಂದೆಯ ಹೆಸರೇ ಮೊದಲು ಬಂದು ಊರಿನ ಹೆಸರು ಅಡ್ಡಹೆಸರಾಗಿದೆ. ದೇವನಾಗರಿಯಲ್ಲಿ ಬರೆದುಕೊಂಡವರು ಕಿವಿಗೆ ಬಿದ್ದಂತೆ ಬರೆದಿದ್ದಾರೆ. ಮೂರೂ ಒಬ್ಬನೇ ಮನುಷ್ಯ ಎಂದು ಗಲ್ಲಿಗೆಲ್ಲ ಗೊತ್ತಿದ್ದರೂ ಪರಿಶೀಲಿಸುವ ಅಧಿಕಾರಿಯ ಕಣ್ಣಿಗೆ ಅವರು ಮೂವರು. ಇನ್ನು ಸುಗ್ಗಿಗೋ ಜಾತ್ರೆಗೋ ಊರಿಗೆ ಹೋದ ವಾರದಲ್ಲೇ ಸಮೀಕ್ಷೆಯವರು ಬಂದರೆ, ಬೀಗ ಹಾಕಿದ ಮನೆ ಎಂಬ ಷರಾ ದಾಖಲೆಗೆ ಸೇರಿ ಮುಂದಿನ ಕಷ್ಟಕ್ಕೆಲ್ಲ ಮೂಲವಾಗುತ್ತದೆ.

ಆದ್ದರಿಂದ ನಮ್ಮವರು ಅಧಿಕೃತ ಸಮೀಕ್ಷೆಗಿಂತ ತಿಂಗಳುಗಟ್ಟಲೆ ಮೊದಲೇ ಪ್ರತಿ ಮನೆಗೂ ಒಂದು ಕಡತ ತೆರೆಯುತ್ತಾರೆ. ಹೆಸರುಗಳ ವ್ಯತ್ಯಾಸಕ್ಕೆ ಅಫಿಡವಿಟ್ ಮಾಡಿಸುತ್ತಾರೆ. 2000ಕ್ಕಿಂತ ಹಿಂದಿನ ಮತದಾರರ ಪಟ್ಟಿಯ ಪ್ರತಿಗಾಗಿ ಚುನಾವಣಾ ಕಚೇರಿಗೆ ಅಲೆಯುತ್ತಾರೆ. 1976ರ ಗಣತಿಯ ನಂತರ ಸರಕಾರ ಜೋಪಡಿಯವರಿಗೆ ಗುರುತಿನ ಚೀಟಿಯಾಗಿ ಕೊಟ್ಟ ಫೋಟೋ ಪಾಸ್ ಯಾರ ಮನೆಯಲ್ಲಾದರೂ ಉಳಿದಿದ್ದರೆ ಅದನ್ನು ಲ್ಯಾಮಿನೇಟ್ ಮಾಡಿಸಿ ಕೊಡುತ್ತಾರೆ. ಗಂಡ ತೀರಿಕೊಂಡ ಅಥವಾ ಬಿಟ್ಟುಹೋದ ಹೆಣ್ಣುಮಕ್ಕಳ ಕಡತಗಳಿಗೆ ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ಹೊಸ ಮನೆ ಗಂಡ ಹೆಂಡತಿ ಇಬ್ಬರ ಹೆಸರಿನಲ್ಲೂ ಇರಬೇಕೆಂದು ನಿಯಮವೇ ಹೇಳುತ್ತದೆ. ಆದರೂ ಕಾಗದಗಳೆಲ್ಲ ಗಂಡನ ಹೆಸರಿನಲ್ಲಿರುವುದರಿಂದ, ಆ ನಿಯಮ ಅವಳ ಪಾಲಿಗೆ ನಿಜವಾಗಬೇಕಾದರೆ ಯಾರಾದರೂ ಅವಳ ಜೊತೆ ಕಚೇರಿಯ ಮೆಟ್ಟಿಲು ಹತ್ತಲೇಬೇಕು.

ಈ ಪದ್ಧತಿ ನಮ್ಮ ಸಂಸ್ಥೆ ಕಂಡುಹಿಡಿದದ್ದಲ್ಲ. 1984ರಲ್ಲಿ ಮುಂಬಯಿಯಲ್ಲಿ ಆರಂಭವಾದ ಸ್ಪಾರ್ಕ್ ಸಂಸ್ಥೆ, ಬೈಖಲಾದ ಫುಟ್‌ಪಾತಿನಲ್ಲಿ ಬದುಕುತ್ತಿದ್ದ ಹೆಂಗಸರ ಜೊತೆಗೂಡಿ, ನಗರದ ಯಾವ ಲೆಕ್ಕಕ್ಕೂ ಸೇರದಿದ್ದ ಜನರ ಗಣತಿಯನ್ನು ಅವರಿಂದಲೇ ಮಾಡಿಸಿತು. ಅದೇ ಕಾಲದಲ್ಲಿ, 1985ರಲ್ಲಿ, ಓಲ್ಗಾ ಟೆಲಿಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಜೀವನೋಪಾಯದ ಹಕ್ಕು ಬದುಕುವ ಹಕ್ಕಿನ ಭಾಗವೆಂದು ಒಪ್ಪಿತಾದರೂ ಫುಟ್‌ಪಾತಿನ ಗುಡಿಸಲುಗಳನ್ನು ತೆರವುಗೊಳಿಸುವ ಪಾಲಿಕೆಯ ಅಧಿಕಾರವನ್ನು ಎತ್ತಿಹಿಡಿಯಿತು. ತೀರ್ಪು ಕೊಡದ ರಕ್ಷಣೆಯನ್ನು ಆ ಹೆಂಗಸರು ತಮ್ಮದೇ ದಾಖಲೆ ಮತ್ತು ಉಳಿತಾಯದ ಪುಸ್ತಕಗಳಿಂದ ಕಟ್ಟಿಕೊಂಡರು. 1986ರ ಹೊತ್ತಿಗೆ ಅವರದೇ ಸಂಘಟನೆಯಾದ ಮಹಿಳಾ ಮಿಲನ್ ರೂಪುಗೊಂಡಿತು. ಅವರ ಒಡನಾಡಿಯಾಗಿದ್ದ ರಾಷ್ಟ್ರೀಯ ಜೋಪಡಿವಾಸಿಗಳ ಒಕ್ಕೂಟವನ್ನು ಮುನ್ನಡೆಸಿದ ಜೋಕಿನ್ ಅರ್ಪುತಂ ನಮ್ಮ ಕೋಲಾರ ಚಿನ್ನದ ಗಣಿಯ ಊರಿನಿಂದ ಬಂದವರು, 2000ದಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದವರು. ಕನ್ನಡದ ಓದುಗರು ಅವರನ್ನು ಇನ್ನೂ ಹೆಚ್ಚು ಬಲ್ಲವರಾಗಿರಬೇಕಿತ್ತು ಎಂದು ನನಗೆ ಸದಾ ಅನಿಸುತ್ತದೆ. ಬಸ್ತಿಯಲ್ಲೇ ಬೆಳೆದವರನ್ನು ಸಿಬ್ಬಂದಿಯಾಗಿ ತೆಗೆದುಕೊಳ್ಳಬೇಕೆಂಬ ನಮ್ಮ ನಿಲುವೂ ಈ ಪರಂಪರೆಯಿಂದ ಬಂದದ್ದು. ಸಮಾಜಕಾರ್ಯದ ಪದವೀಧರರು ಬೇಕು, ನಮ್ಮಲ್ಲಿ ಇದ್ದಾರೆ ಕೂಡ. ಆದರೆ ಯಾವ ಖೋಲಿ ಯಾರದು, ಯಾರು ಬಾಡಿಗೆಗೆ ಇದ್ದಾರೆ, ಯಾವ ಅಣ್ಣತಮ್ಮಂದಿರ ನಡುವೆ ಮಾತಿಲ್ಲ ಎಂಬುದನ್ನು ಆ ಗಲ್ಲಿಯ ಹೆಣ್ಣುಮಗಳಷ್ಟು ಖಚಿತವಾಗಿ ಹೇಳಬಲ್ಲವರು ಇಲ್ಲ.

ಪುಣೆಯ ಯೆರವಡಾದಲ್ಲಿ ನಡೆದ ಕೆಲಸ ಇನ್ನೊಂದು ಬಗೆಯದು. ಕೇಂದ್ರ ಸರಕಾರ 2005ರಲ್ಲಿ ಆರಂಭಿಸಿದ ಜವಾಹರಲಾಲ್ ನೆಹರೂ ರಾಷ್ಟ್ರೀಯ ನಗರ ನವೀಕರಣ ಯೋಜನೆಯ ಅಡಿಯಲ್ಲಿ ಅಲ್ಲಿ ಹಳೆಯ ಮನೆ ಇದ್ದ ಜಾಗದಲ್ಲೇ ಹೊಸದನ್ನು ಕಟ್ಟಲಾಯಿತು. ವೆಚ್ಚದ ಶೇ. 10ರಷ್ಟನ್ನು ಕುಟುಂಬಗಳು ಭರಿಸಿದವು, ನಕ್ಷೆಯ ಚರ್ಚೆಯಲ್ಲಿ ಅವೂ ಕುಳಿತವು. ಜನರನ್ನು ಎಬ್ಬಿಸಿ ದೂರ ಕಳಿಸದೆ ಮನೆ ಕಟ್ಟುವ ಇಂಥ ವಿಧಾನವನ್ನೇ ನಾನು ಮೇಲೆಂದು ಭಾವಿಸುತ್ತೇನೆ. ಆದರೆ ಅದಕ್ಕೆ ಹೆಚ್ಚು ಸಿಬ್ಬಂದಿ ಬೇಕು, ಏಕೆಂದರೆ ಗೇಣಗಲದ ಓಣಿಯಲ್ಲಿ ಒಂದು ಮನೆಯ ಗೋಡೆ ಒಂದಡಿ ಹಿಂದೆ ಸರಿಯಬೇಕಾದಾಗ ಎರಡು ಕುಟುಂಬಗಳನ್ನು ಒಪ್ಪಿಸುವವರು ಇಂಜಿನಿಯರುಗಳಲ್ಲ. ನಾವು ಇಂಥ ಕಡೆ ಸುಣ್ಣದ ಗೆರೆಯಲ್ಲಿ ಮನೆಯ ಪೂರ್ಣ ಅಳತೆಯನ್ನು ನೆಲದ ಮೇಲೇ ಎಳೆದು, ಒಲೆಕಟ್ಟೆ ಎಲ್ಲಿ, ಬಚ್ಚಲು ಎಲ್ಲಿ ಎಂದು ಹೆಂಗಸರನ್ನೇ ನಿಲ್ಲಿಸಿ ನೋಡುತ್ತೇವೆ. ಕಾಗದದ ನಕ್ಷೆಗೆ ತಲೆಯಾಡಿಸಿದವರು ನೆಲದ ಗೆರೆಯೊಳಗೆ ನಿಂತ ಮೇಲೆ ನಿಜವಾದ ತಕರಾರುಗಳನ್ನು ಹೇಳುತ್ತಾರೆ, ಮತ್ತು ಆ ತಕರಾರುಗಳಲ್ಲಿ ಹೆಚ್ಚಿನವು ಸರಿಯಾಗಿರುತ್ತವೆ.

ಎಲ್ಲಕ್ಕಿಂತ ಅಲಕ್ಷ್ಯಕ್ಕೆ ಒಳಗಾಗಿರುವುದು ಬೀಗದ ಕೈ ಕೊಟ್ಟ ನಂತರದ ಕೆಲಸ. ನೆಲಮಟ್ಟದ ಜೋಪಡಿಯಿಂದ ಏಳನೆಯ ಮಹಡಿಗೆ ಹೋದ ಕುಟುಂಬಕ್ಕೆ ಲಿಫ್ಟಿನ ಕರೆಂಟು, ನೀರಿನ ಪಂಪು, ಮೆಟ್ಟಿಲಿನ ದೀಪ, ಕಸ ಗುಡಿಸುವವರ ಕೂಲಿ ಇವೆಲ್ಲ ಹೊಸ ಖರ್ಚುಗಳು. ಎಸ್‌ಆರ್‌ಎ ಕಟ್ಟಡಗಳ ನಿರ್ವಹಣೆಗಾಗಿ ಬಿಲ್ಡರ್ ಪ್ರತಿ ಮನೆಗೆ ಇಂತಿಷ್ಟು ಠೇವಣಿ ಇಡಬೇಕೆಂಬ ನಿಯಮವಿದ್ದು, ಬಹಳ ವರ್ಷ ಅದು 20,000 ರೂಪಾಯಿ ಇತ್ತು. ಶೇ. 6ರ ಬಡ್ಡಿ ಎಂದು ಹಿಡಿದರೆ ವರ್ಷಕ್ಕೆ 1,200, ತಿಂಗಳಿಗೆ 100 ರೂಪಾಯಿ. ಅಷ್ಟರಲ್ಲಿ ಲಿಫ್ಟ್ ನಡೆಯುವುದಿಲ್ಲ. ಉಳಿದದ್ದನ್ನು ನಿವಾಸಿಗಳು ಮೆಂಟೆನೆನ್ಸ್ ಎಂದು ಕೊಡಬೇಕು. ಕೆಲವರು ಕೊಡದೆ ಬಾಕಿ ಉಳಿಸಿದರೆ ಕೊಡುವವರೂ ನಿಲ್ಲಿಸುತ್ತಾರೆ, ಲಿಫ್ಟ್ ನಿಲ್ಲುತ್ತದೆ, ಮೇಲಿನ ಮಹಡಿಯ ವೃದ್ಧರು ಮನೆಯೊಳಗೇ ಬಂದಿಯಾಗುತ್ತಾರೆ. ಮಾನಖುರ್ದ್, ಗೋವಂಡಿ ಕಡೆಯ ಪುನರ್ವಸತಿ ಕಾಲನಿಗಳಲ್ಲಿ ಕಟ್ಟಡಗಳ ನಡುವಿನ ಅಂತರ ತೀರ ಕಿರಿದಾಗಿದ್ದು ಕೆಳಗಿನ ಮಹಡಿಗಳಿಗೆ ಬಿಸಿಲು ಬೀಳದಿರುವುದು ಬೇರೆಯೇ ಅನ್ಯಾಯ. ಅದನ್ನು ಯಾವ ಸೊಸೈಟಿಯೂ ಸರಿಪಡಿಸಲಾರದು. ಆದರೆ ತುಂಬಿದ ಚರಂಡಿ, ಒಡೆದ ಪೈಪು, ಲೆಕ್ಕವಿಲ್ಲದ ಕ್ಯಾಶ್‌ಬುಕ್, ನಡೆಯದ ವಾರ್ಷಿಕ ಸಭೆ ಇವನ್ನು ಸರಿಪಡಿಸಬಹುದು. ತಿಂಗಳಿಗೊಮ್ಮೆ ಹೋಗಿ ಕಾರ್ಯದರ್ಶಿಯ ಪಕ್ಕ ಕುಳಿತು ರಸೀದಿ ಬರೆಯುವುದನ್ನು, ಬ್ಯಾಂಕ್ ಪಾಸ್‌ಬುಕ್ ತಾಳೆ ನೋಡುವುದನ್ನು, ಬಾಕಿದಾರರ ಮನೆಗೆ ಜಗಳವಿಲ್ಲದೆ ಹೋಗಿ ಬರುವುದನ್ನು ಕಲಿಸುವವರೊಬ್ಬರಿದ್ದರೆ ಸಾಕು, ಎರಡು ಮೂರು ವರ್ಷದಲ್ಲಿ ಹೆಚ್ಚಿನ ಸೊಸೈಟಿಗಳು ತಮ್ಮ ಕಾಲ ಮೇಲೆ ನಿಲ್ಲುತ್ತವೆ.

ಆ ಒಬ್ಬರ ಸಂಬಳ ಎಲ್ಲಿಂದ ಬರಬೇಕು? ದಾನಿಗಳು ಶೌಚಾಲಯಕ್ಕೆ, ಕಟ್ಟಡಕ್ಕೆ, ಸೋಲಾರ್ ದೀಪಕ್ಕೆ ಹಣ ಕೊಡುತ್ತಾರೆ. ಅದು ಕಣ್ಣಿಗೆ ಕಾಣುವಂಥದ್ದು. ಇತ್ತ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಗೆ 2020ರಲ್ಲಿ ತಂದ ತಿದ್ದುಪಡಿಯಿಂದ ಆ ದೇಣಿಗೆಯಲ್ಲಿ ಆಡಳಿತದ ವೆಚ್ಚಕ್ಕೆ ಬಳಸಬಹುದಾದ ಪಾಲು ಶೇ. 50ರಿಂದ 20ಕ್ಕೆ ಇಳಿಯಿತು, ಒಂದು ಸಂಸ್ಥೆ ತಾನು ಪಡೆದ ವಿದೇಶಿ ಹಣವನ್ನು ಬಸ್ತಿಮಟ್ಟದ ಚಿಕ್ಕ ಸಂಸ್ಥೆಗೆ ವರ್ಗಾಯಿಸುವುದೂ ನಿಂತಿತು. ಹಣ ದುರುಪಯೋಗವಾಗಬಾರದು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಗುಮಾಸ್ತ, ಲೆಕ್ಕಿಗರಂಥವರನ್ನು ಆಡಳಿತ ವೆಚ್ಚವೆಂದು ನೋಡುವ ರೂಢಿಯಲ್ಲಿ ಮೊದಲು ಕತ್ತರಿ ಬೀಳುವುದು ಅವರ ಮೇಲೆಯೇ. ಯೋಜನೆ ಮುಗಿದೊಡನೆ ಹನ್ನೊಂದು ತಿಂಗಳ ಒಪ್ಪಂದ ಮುಗಿಯುತ್ತದೆ, ಎಲ್ಲವನ್ನೂ ತಲೆಯಲ್ಲಿಟ್ಟುಕೊಂಡ ಕಾರ್ಯಕರ್ತೆ ಮಾಲ್‌ನ ಅಂಗಡಿಯಲ್ಲಿ ಹೆಚ್ಚಿನ ಸಂಬಳಕ್ಕೆ ಸೇರುತ್ತಾಳೆ. ಅವಳನ್ನು ದೂರಲು ನನ್ನಿಂದ ಸಾಧ್ಯವಿಲ್ಲ, ಅವಳೂ ಬಾಡಿಗೆ ಕಟ್ಟಬೇಕು.

ಈಗ ನಾವು ಕಳಿಸುವ ಪ್ರತಿ ಪ್ರಸ್ತಾವದಲ್ಲಿ ಇಟ್ಟಿಗೆ, ಸಿಮೆಂಟು, ಕಬ್ಬಿಣದ ಸಾಲಿನ ಕೆಳಗೇ ಎರಡು ಬಾಬುಗಳನ್ನು ಸೇರಿಸುತ್ತಿದ್ದೇವೆ: ಸಮೀಕ್ಷೆಗೆ ಮೊದಲಿನ ಕಡತದ ಕೆಲಸ ಮತ್ತು ಮನೆ ಹಸ್ತಾಂತರವಾದ ಮೇಲೆ ಮೂರು ವರ್ಷದ ಸೊಸೈಟಿ ಸಹಾಯ, ಪ್ರತಿ ಕುಟುಂಬಕ್ಕೆ ಇಷ್ಟು ಎಂಬ ಲೆಕ್ಕದಲ್ಲಿ. ಅದನ್ನು ತೆಗೆದುಹಾಕಿ ಅದೇ ಹಣದಲ್ಲಿ ಇನ್ನೂ ನಾಲ್ಕು ಮನೆ ಕಟ್ಟಬಹುದಲ್ಲವೇ ಎಂದು ಕೇಳುವ ದಾನಿಗಳಿದ್ದಾರೆ. ಅಂಥವರನ್ನು ನಾವು ಎರಡು ಕಟ್ಟಡಗಳಿಗೆ ಕರೆದೊಯ್ಯುತ್ತೇವೆ. ಒಂದರ ಸೊಸೈಟಿಗೆ ಮೂರು ವರ್ಷ ಸಿಬ್ಬಂದಿಯ ನೆರವು ಸಿಕ್ಕಿತ್ತು, ಇನ್ನೊಂದಕ್ಕೆ ಹಣವಿಲ್ಲದೆ ಆರನೇ ತಿಂಗಳಿಗೇ ನಿಂತಿತ್ತು. ಎರಡರಲ್ಲೂ ಕ್ಯಾಶ್‌ಬುಕ್ ತೆರೆಸಿ, ಬಾಕಿಯ ಮೊತ್ತ ಓದಿಸಿ, ಆಮೇಲೆ ಲಿಫ್ಟಿನ ಗುಂಡಿ ಒತ್ತಿ ನೋಡಿ ಎಂದು ಅವರಿಗೇ ಹೇಳುತ್ತೇವೆ.