ಇಂಡಾಫ್ ರಾಗಿ ಹೈಬ್ರಿಡ್ ಅಲ್ಲ

ಬೆಂಗಳೂರಿನ ಕೆಲವು ಅಂಗಡಿಗಳಲ್ಲಿ ರಾಗಿ ಮೂಟೆಯ ಮೇಲೆ ‘ನಾಟಿ ರಾಗಿ, ಹೈಬ್ರಿಡ್ ಅಲ್ಲ’ ಎಂಬ ಚೀಟಿ ಸಿಕ್ಕಿಸಿರುತ್ತಾರೆ. ಬೆಲೆಯೂ ತುಸು ಹೆಚ್ಚು. ಮೆಕ್ಕೆಜೋಳದಲ್ಲಿರುವಂಥ ಹೈಬ್ರಿಡ್, ಅಂದರೆ ಎರಡು ತಳಿಗಳನ್ನು ಕೂಡಿಸಿದ ಮೊದಲ ಪೀಳಿಗೆಯ ಬೀಜವನ್ನೇ ಪ್ರತಿ ವರ್ಷ ಹೊಸದಾಗಿ ತಂದು ಬಿತ್ತುವಂಥ ರಾಗಿ, ನಮ್ಮ ಹೊಲಗಳಲ್ಲಿ ಇಲ್ಲವೇ ಇಲ್ಲ. ಇಲ್ಲದ ವಸ್ತುವನ್ನು ಬೆರೆಸಿಲ್ಲವೆಂಬ ಭರವಸೆಗೆ ನಾವು ಹಣ ತೆರುತ್ತಿದ್ದೇವೆ. ಈ ಗೊಂದಲದ ಬಹುಪಾಲು ಅಂಟಿಕೊಂಡಿರುವುದು ‘ಇಂಡಾಫ್’ ಎಂಬ ರಾಗಿ ತಳಿಗಳ ಹೆಸರಿಗೆ. ಹಾಗಾಗಿ ಆ ತಳಿಗಳನ್ನು ಕೊಟ್ಟ ತಳಿ ವಿಜ್ಞಾನಿ ಸಿ.ಎಚ್. ಲಕ್ಷ್ಮಣಯ್ಯನವರು ನಿಜವಾಗಿ ಮಾಡಿದ್ದೇನು ಎಂಬುದನ್ನು ವಿವರವಾಗಿಯೇ ನೋಡಬೇಕು.

ರಾಗಿಯ ವಿಜ್ಞಾನ ಅವರಿಂದ ಶುರುವಾದದ್ದಲ್ಲ. ಕೆನಡಾದಿಂದ ಮೈಸೂರು ಸಂಸ್ಥಾನಕ್ಕೆ ಬಂದು ಕೃಷಿ ಇಲಾಖೆಯನ್ನು ಕಟ್ಟಿದ ಲೆಸ್ಲಿ ಕೋಲ್ಮನ್ ಅವರ ಕಾಲದಲ್ಲಿಯೇ, 1918ರಲ್ಲಿ, ಎಚ್-22 ಎಂಬ ಆಯ್ಕೆ ತಳಿ ರೈತರ ಕೈಸೇರಿತ್ತು. ಆದರೆ ಅದು ಇದ್ದುದರಲ್ಲಿ ಒಳ್ಳೆಯದನ್ನು ಆರಿಸಿದ್ದು. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ದುಡಿದ ಲಕ್ಷ್ಮಣಯ್ಯನವರು ಅರುಣ, ಅನ್ನಪೂರ್ಣ, ಕಾವೇರಿ, ಪೂರ್ಣದಂಥ ತಳಿಗಳ ನಂತರ ಆಫ್ರಿಕದ ರಾಗಿಯತ್ತ ತಿರುಗಿದರು. ನಮ್ಮ ರಾಗಿ ಬೇಗ ಮಾಗುತ್ತದೆ, ಬುಡದಿಂದ ಚೆನ್ನಾಗಿ ತೆಂಡೆ (ಮರಿಕವಲು) ಒಡೆಯುತ್ತದೆ, ಆದರೆ ತೆನೆ ಸಣ್ಣದು. ಆಫ್ರಿಕದ್ದು ದಪ್ಪ ಕಡ್ಡಿ, ದೊಡ್ಡ ತೆನೆ, ದಪ್ಪ ಕಾಳಿನದು, ಬೆಂಕಿ ರೋಗವೆಂಬ ಶಿಲೀಂಧ್ರ ರೋಗವನ್ನೂ ಹೆಚ್ಚು ತಾಳಿಕೊಳ್ಳುತ್ತದೆ, ಆದರೆ ಮಾಗುವುದು ತಡ. ಎರಡನ್ನೂ ಕೂಡಿಸಿದ ತಳಿಗಳಿಗೆ ಇಂಡಿಯಾ ಮತ್ತು ಆಫ್ರಿಕ ಎಂಬ ಎರಡು ಹೆಸರುಗಳ ತಲೆಗಳನ್ನು ಸೇರಿಸಿ ಇಂಡಾಫ್ ಎಂದರು. ‘ನಾಟಿ’ ಎಂದು ನಾವು ಮೀಸೆ ತಿರುವುವ ರಾಗಿಯ ತವರು ಕೂಡ ಪೂರ್ವ ಆಫ್ರಿಕದ ಎತ್ತರದ ನೆಲವೇ. ಸಾವಿರಾರು ವರ್ಷಗಳ ಹಿಂದೆ ಬೇರೆಯಾದ ದಾಯಾದಿಗಳನ್ನು ಲಕ್ಷ್ಮಣಯ್ಯನವರು ಮಂಡ್ಯದ ಹೊಲದಲ್ಲಿ ಮತ್ತೆ ಕೂಡಿಸಿದರು, ಅಷ್ಟೆ.

ಕೂಡಿಸುವುದು ಮಾತ್ರ ಸುಲಭವಾಗಿರಲಿಲ್ಲ. ರಾಗಿಯ ಹೂ ಕಣ್ಣಿಗೆ ಕಾಣುವುದೇ ಕಷ್ಟ. ಅದು ಅರಳುವುದು ನಡುರಾತ್ರಿ ಕಳೆದು ನಸುಕು ಹರಿಯುವುದರೊಳಗೆ, ಅದೂ ತೆನೆಯ ಬೆರಳಿನಂಥ ಇಲುಕಿನ ತುದಿಯಿಂದ ಕೆಳಕ್ಕೆ ದಿನಕ್ಕಿಷ್ಟರಂತೆ. ಅರಳುವ ಹೊತ್ತಿಗೆ ಅದರ ಪರಾಗ ಅದರದೇ ಶಲಾಕಾಗ್ರದ (ಪರಾಗ ಹಿಡಿಯುವ ಹೆಣ್ಣುಭಾಗದ) ಮೇಲೆ ಉದುರಿ ಕೆಲಸ ಮುಗಿದಿರುತ್ತದೆ. ಆದ್ದರಿಂದ ತಳಿಗಾರರು ಎರಡು ಗಿಡಗಳ ತೆನೆಗಳನ್ನು ಒಂದಕ್ಕೊಂದು ತಾಗುವಂತೆ ಕಟ್ಟಿ, ಎಲ್ಲೋ ಒಂದೆರಡು ಹೂಗಳಿಗಾದರೂ ಪಕ್ಕದವನ ಪರಾಗ ಬೀಳಲಿ ಎಂದು ಕಾಯುತ್ತಿದ್ದರು. ಪರಾಗ ಕೊಡುವ ಗಂಡುಗಿಡವಾಗಿ ಗೆಣ್ಣಿನಲ್ಲಿ ನೇರಳೆ ಬಣ್ಣವಿರುವ ಗಿಡವನ್ನು ಆರಿಸಿಕೊಂಡು, ಹಸಿರು ಗೆಣ್ಣಿನ ತಾಯಿಗಿಡದ ಕಾಳನ್ನು ಬಿತ್ತಿದರೆ ಮುಂದಿನ ಬೆಳೆಯ ಹಸಿರು ಪೈರಿನ ನಡುವೆ ನೇರಳೆ ಗೆಣ್ಣಿನ ಸಸಿಯೇ ಸಂಕರವೆಂದು ಗುರುತಿಸಬಹುದು. ಒಂದು ಹೂವಿಗೆ ಸಿಗುವುದು ಒಂದೇ ಕಾಳು. ಈ ಲೆಕ್ಕದಲ್ಲಿ ಪ್ರತಿ ವರ್ಷ ಹೊಸದಾಗಿ ಸಂಕರ ಬೀಜ ತಯಾರಿಸಿ ಮೂಟೆಗಟ್ಟಲೆ ಮಾರುವುದು ಸಾಧ್ಯವೇ ಎಂದು ಓದುಗರೇ ಯೋಚಿಸಲಿ.

ನಿಜವಾದ ಸ್ವಾರಸ್ಯ ಇರುವುದು ಆ ನೇರಳೆ ಸಸಿಯ ಮುಂದಿನ ಪೀಳಿಗೆಗಳಲ್ಲಿ. ತಂದೆತಾಯಿ ಭಿನ್ನವಾಗಿದ್ದ ಗುಣಗಳಲ್ಲೆಲ್ಲ ಅದರ ಜೀನ್ ಜೋಡಿಗಳು ಬೆರಕೆ: ಒಂದು ಕಾಲಿಗೆ ಕಪ್ಪು ಚಪ್ಪಲಿ, ಇನ್ನೊಂದಕ್ಕೆ ಕಂದು ಚಪ್ಪಲಿ ಹಾಕಿಕೊಂಡಂತೆ. ತನ್ನ ಪರಾಗವನ್ನೇ ತಾನು ಪಡೆದು ಕಾಳು ಕಟ್ಟಿದಾಗ, ಪ್ರತಿ ಬೆರಕೆ ಜೋಡಿಗೂ ಮಕ್ಕಳಲ್ಲಿ ಸರಾಸರಿ ಕಾಲು ಭಾಗಕ್ಕೆ ಎರಡೂ ಕಪ್ಪು, ಕಾಲು ಭಾಗಕ್ಕೆ ಎರಡೂ ಕಂದು, ಉಳಿದ ಅರ್ಧಕ್ಕೆ ಮಾತ್ರ ಬೆರಕೆ ಬರುತ್ತದೆ. ಕಪ್ಪು-ಕಪ್ಪು ಆದದ್ದು ಮತ್ತೆಂದೂ ಬೆರಕೆಯಾಗುವುದಿಲ್ಲ. ಒಟ್ಟು ಕುಟುಂಬದ ಜಮೀನು ತಲೆಮಾರಿಗೆ ಅರ್ಧದಂತೆ ಹಿಸ್ಸೆಯಾಗುತ್ತ ಹೋದ ಹಾಗೆ ಇದು. ಒಮ್ಮೆ ಒಬ್ಬರ ಹೆಸರಿಗೆ ಖಾತೆಯಾದ ತುಂಡು ಮತ್ತೆ ಒಟ್ಟಿಗೆ ಸೇರದು. ನೂರು, ಐವತ್ತು, ಇಪ್ಪತ್ತೈದು ಎಂದು ಇಳಿಯುತ್ತ ಆರನೆಯ ಪೀಳಿಗೆಯ ಹೊತ್ತಿಗೆ ಬೆರಕೆ ಉಳಿಯುವುದು ಶೇ. 3ರಷ್ಟು ಮಾತ್ರ. ತಳಿಗಾರ ಈ ಪೀಳಿಗೆಗಳ ಉದ್ದಕ್ಕೂ ಸಾಲು ಸಾಲು ನಡೆದು, ದಪ್ಪ ತೆನೆಯೂ ಬೇಗ ಮಾಗುವ ಗುಣವೂ ಒಂದರಲ್ಲೇ ಕೂಡಿದ ಗಿಡವನ್ನು ಉಳಿಸಿಕೊಂಡು ಮಿಕ್ಕವನ್ನೆಲ್ಲ ಬಿಟ್ಟುಬಿಡುತ್ತಾನೆ. ಕೊನೆಗೆ ಉಳಿಯುವುದು ಸಂಕರದಿಂದ ಹುಟ್ಟಿದ ಶುದ್ಧ ತಳಿ. ಹೈಬ್ರಿಡ್ ಮೆಕ್ಕೆಜೋಳದ ಕಾಳನ್ನು ಮರುವರ್ಷ ಬಿತ್ತಿದರೆ ಪೈರು ಎತ್ತರ-ಗಿಡ್ಡ ಕಲಸುಮೇಲೋಗರವಾಗುವುದು ಮೊದಲ ಹಿಸ್ಸೆ ಆಗ ರೈತನ ಹೊಲದಲ್ಲೇ ನಡೆಯುವುದರಿಂದ. ಇಂಡಾಫ್‌ನಲ್ಲಿ ಆ ಹಿಸ್ಸೆಗಳೆಲ್ಲ ಫಾರಂನಲ್ಲೇ ಮುಗಿದಿರುತ್ತವೆ. ಒಕ್ಕಣೆಯಾದ ಮೇಲೆ ಒಳ್ಳೆಯ ತೆನೆಯ ಕಾಳನ್ನು ಎತ್ತಿಟ್ಟು ಬಿತ್ತಿದರೆ ಅದೇ ರಾಗಿ ಬರುತ್ತದೆ.

ಇಂಡಾಫ್ ಸಾಲಿನ ತಳಿಗಳು 1970ರ ದಶಕದಿಂದ ಹೊಲಗಳಿಗೆ ಬಂದವು, ‘ರಾಗಿ ಲಕ್ಷ್ಮಣಯ್ಯ’ ಎಂಬ ಹೆಸರೂ ಊರೂರಿಗೆ ಹೋಯಿತು. ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ಎಂಎಲ್-365 ತಳಿಯ ಜೀನೋಮ್ ವಿವರಗಳು 2017ರಲ್ಲಿ ಪ್ರಕಟವಾಗಿದ್ದು, ರಾಗಿಯ 36 ವರ್ಣತಂತುಗಳಲ್ಲಿ ಯಾವ ಗುಣ ಎಲ್ಲಿದೆ ಎಂದು ಹುಡುಕುವವರಿಗೆ ಈಗ ತೆನೆ ಕಟ್ಟಿ ಕಾಯುವುದಕ್ಕಿಂತ ಚುರುಕಾದ ದಾರಿಗಳಿವೆ. ಬೆಂಕಿ ರೋಗವನ್ನು ತಡೆಯುತ್ತದೆಂದು ನಮ್ಮ ರೈತರು ಇಂದು ಹೆಚ್ಚಾಗಿ ಬಿತ್ತುವ ಜಿಪಿಯು-28 ತಳಿಯ ವಂಶಾವಳಿಯಲ್ಲಿ ಇಂಡಾಫ್-5 ಇದೆ, ಇಂಡಾಫ್-9 ಕೂಡ ಇದೆ. ಅಂಗಡಿಯ ಚೀಟಿ ಸಿಕ್ಕಿಸಿದ ಆ ಮೂಟೆಯಲ್ಲಿರುವುದು ಅದೇ ಆಗಿದ್ದರೂ ಆಶ್ಚರ್ಯವಿಲ್ಲ.