ತೇವಾಂಶದ ಶೇಕಡ ನೋಡಿ ನೀರಿನ ದಿಕ್ಕು ಹೇಳಬೇಡಿ

ಗೋಡೆ, ಮರ, ಗಾರೆಯೊಳಗೆ ನೀರು ಹೇಗೆ ಓಡಾಡುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ನನ್ನ ಕೆಲಸ. ನನ್ನ ಹತ್ತಿರ ಎಂಜಿನಿಯರುಗಳೂ ಬರುತ್ತಾರೆ, ಮನೆ ಮಾಲೀಕರೂ ಬರುತ್ತಾರೆ. ಓದು ಬೇರೆ, ಅನುಭವ ಬೇರೆ, ಆದರೆ ತಪ್ಪು ಮಾತ್ರ ಒಂದೇ. ಅಕ್ಕಪಕ್ಕದ ಎರಡು ವಸ್ತುಗಳ ತೇವಾಂಶ ಅಳೆಯುತ್ತಾರೆ. ಯಾವುದರಲ್ಲಿ ಸಂಖ್ಯೆ ಜಾಸ್ತಿಯೋ ಅಲ್ಲಿಂದ ಇನ್ನೊಂದಕ್ಕೆ ನೀರು ಹೋಗುತ್ತಿದೆ ಎಂದು ತೀರ್ಮಾನ ಮಾಡಿಬಿಡುತ್ತಾರೆ.

ಒಬ್ಬ ಮಾಲೀಕರು ಹಳೆಯ ಇಟ್ಟಿಗೆ ಗೋಡೆಯೊಳಗೆ ಕೂತಿದ್ದ ಮರದ ತೊಲೆಯನ್ನು ಕಿತ್ತು ಹಾಕಿಸಲು ಹೊರಟಿದ್ದರು. ಅವರು ಶ್ರದ್ಧೆಯ ಮನುಷ್ಯ. ಎರಡರಿಂದಲೂ ಚೂರು ತೆಗೆಸಿ, ಒಣಗಿಸಿ, ತೂಗಿಸಿದ್ದರು. ಮರದಲ್ಲಿ ಒಣತೂಕದ ಶೇ. 18ರಷ್ಟು ನೀರು, ಇಟ್ಟಿಗೆಯಲ್ಲಿ ಶೇ. 6. ‘ಮರದಲ್ಲಿ ಮೂರು ಪಟ್ಟು ನೀರಿದೆ. ಅದೇ ಗೋಡೆಯನ್ನು ಒದ್ದೆ ಮಾಡ್ತಿದೆ, ಅಲ್ವಾ ಸರ್?’ ಎಂದರು.

ಅಲ್ಲ. ನಡೆಯುತ್ತಿದ್ದದ್ದು ಅದರ ತದ್ವಿರುದ್ಧ. ಗೋಡೆಯೇ ಮರಕ್ಕೆ ನೀರು ಕೊಡುತ್ತಿತ್ತು.

ಇದನ್ನು ನಿಧಾನವಾಗಿ ಹೇಳುತ್ತೇನೆ. ಒಂದು ಕಿರಿದಾದ ಕೊಳವೆ, ಒಂದು ಅಗಲವಾದ ತೊಟ್ಟಿ. ಎರಡರ ತಳಕ್ಕೂ ಪೈಪು ಜೋಡಿಸಿದರೆ ನೀರು ಯಾವ ಕಡೆ ಹೋಗುತ್ತದೆ? ಯಾವುದರಲ್ಲಿ ಹೆಚ್ಚು ಲೀಟರ್ ಇದೆ ಎಂದು ಯಾರೂ ಕೇಳುವುದಿಲ್ಲ. ಮಟ್ಟ ಎಲ್ಲಿ ಎತ್ತರ ಎಂದು ನೋಡುತ್ತೇವೆ. ತೇವಾಂಶದ ಶೇಕಡ ಲೀಟರಿನ ಲೆಕ್ಕ. ಮಟ್ಟದ ಲೆಕ್ಕ ಬೇರೆಯೇ ಇದೆ. ಅದು ವಸ್ತುವಿನ ರಂಧ್ರಗಳಲ್ಲಿರುವ ಗಾಳಿಯ ಸಾಪೇಕ್ಷ ಆರ್ದ್ರತೆ, ಅಂದರೆ ಆ ಗಾಳಿ ಹಿಡಿಯಬಲ್ಲ ಗರಿಷ್ಠ ಆವಿಯಲ್ಲಿ ಈಗ ಶೇಕಡ ಎಷ್ಟು ಇದೆ ಎಂಬುದು. ನೀರನ್ನು ರಂಧ್ರಗಳು ಎಷ್ಟು ಬಲವಾಗಿ ಹಿಡಿದಿವೆ ಎಂಬ ಕ್ಯಾಪಿಲರಿ ಒತ್ತಡವೂ ಅದನ್ನೇ ಬೇರೆ ರೀತಿ ಹೇಳುತ್ತದೆ.

ಶೇ. 80ರ ಆರ್ದ್ರತೆಯ ಗಾಳಿಯಲ್ಲಿ ಮರವನ್ನೂ ಸುಟ್ಟ ಇಟ್ಟಿಗೆಯನ್ನೂ ವಾರಗಟ್ಟಲೆ ಬಿಡಿ. ಮರ ತನ್ನ ಒಣತೂಕದ ಸುಮಾರು ಶೇ. 16ರಷ್ಟು ನೀರು ಹಿಡಿಯುತ್ತದೆ. ಇಟ್ಟಿಗೆ ಸಾಮಾನ್ಯವಾಗಿ ಶೇ. 1ನ್ನೂ ಮುಟ್ಟುವುದಿಲ್ಲ. ಈಗ ಎರಡನ್ನೂ ಒತ್ತಿಟ್ಟರೆ ಒಂದು ಹನಿಯೂ ಆ ಕಡೆ ಈ ಕಡೆ ಹೋಗುವುದಿಲ್ಲ. ಮರದ ಕೋಶಭಿತ್ತಿಗಳೇ ನೀರನ್ನು ಅಂಟಿಸಿಕೊಳ್ಳುತ್ತವೆ. ಇಟ್ಟಿಗೆಗೆ ಆ ಗುಣ ಇಲ್ಲ. ಹಾಗಾಗಿ ಮರದಲ್ಲಿ ಶೇ. 18 ಎಂದರೆ ಆರ್ದ್ರತೆ ಇನ್ನೂ ಶೇ. 85ರ ಆಸುಪಾಸು. ಇಟ್ಟಿಗೆಯಲ್ಲಿ ಶೇ. 6 ಎಂದರೆ ಅದು ಗಾಳಿಯಿಂದ ಬಂದದ್ದೇ ಅಲ್ಲ. ಎಲ್ಲಿಂದಲೋ ನೀರನ್ನು ನೀರಾಗಿಯೇ ಕುಡಿದಿದೆ. ಅದರೊಳಗಿನ ಆರ್ದ್ರತೆ ಹೆಚ್ಚುಕಡಿಮೆ ಶೇ. 100.

ಎಂಜಿನಿಯರುಗಳ ಮೇಲೆ ನನಗೆ ಸ್ವಲ್ಪ ಹೆಚ್ಚೇ ಬೇಸರ. ಏಕೆಂದರೆ ಅವರು ಇದೇ ತಪ್ಪನ್ನು ಸಮೀಕರಣದೊಳಗೆ ಕೂರಿಸಿ ತರುತ್ತಾರೆ. ತೇವಾಂಶದ ಇಳಿಜಾರನ್ನು ಒಂದು ಡಿಫ್ಯೂಸಿವಿಟಿಯಿಂದ, ಅಂದರೆ ತೇವ ಎಷ್ಟು ಬೇಗ ಹರಡುತ್ತದೆ ಎಂಬ ಸಂಖ್ಯೆಯಿಂದ, ಗುಣಿಸಿದರೆ ಹರಿವು ಸಿಗುತ್ತದೆ ಎನ್ನುತ್ತಾರೆ. ಒಂದೇ ವಸ್ತುವಿನೊಳಗೆ, ತಾಪಮಾನ ಒಂದೇ ಇದ್ದರೆ, ಇದಕ್ಕೆ ನನ್ನ ತಕರಾರಿಲ್ಲ. ಆದರೆ ಎರಡು ವಸ್ತುಗಳು ಸೇರುವಲ್ಲಿ ತೇವಾಂಶ ಮೆಟ್ಟಿಲಿನ ಹಾಗೆ ಜಿಗಿಯುತ್ತದೆ. ಸಮತೋಲ ಇದ್ದಾಗಲೂ ಜಿಗಿಯುತ್ತದೆ. ಪ್ರೋಗ್ರಾಮು ಆ ಜಿಗಿತವನ್ನು ಇಳಿಜಾರು ಎಂದು ತಿಳಿದು ಇಲ್ಲದ ಹರಿವನ್ನು ತೋರಿಸುತ್ತದೆ. ಅದಕ್ಕೇ ಆರ್ದ್ರತೆಯನ್ನೋ ಕ್ಯಾಪಿಲರಿ ಒತ್ತಡವನ್ನೋ ಮೂಲ ಚಲಕವಾಗಿ (ಲೆಕ್ಕದಲ್ಲಿ ಮೊದಲು ಕಂಡುಹಿಡಿಯುವ ಪರಿಮಾಣವಾಗಿ) ಇಟ್ಟುಕೊಳ್ಳಿ ಎಂದು ಹೇಳುವುದು. ಅದು ಗಡಿಯಲ್ಲಿ ಜಿಗಿಯುವುದಿಲ್ಲ. ತೇವಾಂಶವನ್ನು ಆಮೇಲೆ ಆಯಾ ವಸ್ತುವಿನ ಹೀರಿಕೆಯ ವಕ್ರರೇಖೆಯಿಂದ, ಅಂದರೆ ಯಾವ ಆರ್ದ್ರತೆಗೆ ಎಷ್ಟು ತೇವಾಂಶ ಎಂದು ತೋರಿಸುವ ಗೆರೆಯಿಂದ, ತೆಗೆದರಾಯಿತು. ಇದೇನೂ ಹೊಸ ವಿಚಾರವಲ್ಲ. ಮಣ್ಣಿನ ನೀರಿಗೆ ಎಡ್ಗರ್ ಬಕಿಂಗ್‌ಹ್ಯಾಮ್ 1907ರಲ್ಲೇ ಕ್ಯಾಪಿಲರಿ ಪೊಟೆನ್ಷಿಯಲ್ ಎಂಬ ಇಂಥದ್ದೇ ‘ಮಟ್ಟ’ದ ಲೆಕ್ಕವನ್ನು ತಂದರು. 1931ರಲ್ಲಿ ಲೊರೆನ್ಜೊ ರಿಚರ್ಡ್ಸ್ ಅದರ ಮೇಲೆ ತಮ್ಮ ಸಮೀಕರಣ ಕಟ್ಟಿದರು.

ಇನ್ನೊಂದು ತೊಡಕಿದೆ, ಇಲ್ಲಿ ಎಚ್ಚರ ಬೇಕು. 1 ಮೈಕ್ರೋಮೀಟರ್ ತ್ರಿಜ್ಯದ ರಂಧ್ರ ನೀರನ್ನು ಸುಮಾರು ಒಂದೂವರೆ ಬಾರ್ ಒತ್ತಡದಲ್ಲಿ ಎಳೆಯುತ್ತದೆ. ಈ ಒತ್ತಡವನ್ನು ಆರ್ದ್ರತೆಗೆ ಬದಲಿಸುವ ಕೆಲ್ವಿನ್ ಸೂತ್ರದಲ್ಲಿ ಹಾಕಿದರೆ ಅದಕ್ಕೆ ಹೊಂದುವ ಆರ್ದ್ರತೆ ಶೇ. 99.9. ರಂಧ್ರ ಅದರ ಹತ್ತನೇ ಒಂದು ಭಾಗಕ್ಕೆ ಇಳಿದರೂ ಆರ್ದ್ರತೆ ಶೇ. 99 ಮಾತ್ರ. ಇಟ್ಟಿಗೆಯ ರಂಧ್ರಗಳಲ್ಲಿ ಬಹುಪಾಲು ಇದಕ್ಕಿಂತ ದೊಡ್ಡವು. ಅಂದರೆ ಇಟ್ಟಿಗೆಯಲ್ಲಿ ದ್ರವ ನೀರಿನ ಓಡಾಟ ಹೆಚ್ಚುಕಡಿಮೆ ಪೂರ್ತಿಯಾಗಿ ಶೇ. 99 ಮತ್ತು 100ರ ನಡುವೆ ಮುಗಿದುಹೋಗುತ್ತದೆ. ಅಲ್ಲಿ ಗೋಡೆಯೊಳಗಿಟ್ಟ ಆರ್ದ್ರತೆಯ ಸೆನ್ಸರ್ ಏನನ್ನೂ ಬಿಡಿಸಿ ಹೇಳಲಾರದು. ಹೀರಿಕೆಯ ವಕ್ರರೇಖೆಯನ್ನು ಶೇ. 95ರವರೆಗೆ ಅಳೆದು, ಮುಂದಕ್ಕೆ ಸುಮ್ನೆ ಒಂದು ಗೆರೆ ಎಳೆದು ತರುವವರಿದ್ದಾರೆ. ಆ ಗೆರೆಯಲ್ಲೇ ಇಡೀ ಉತ್ತರ ಇರುತ್ತದೆ. ದಯವಿಟ್ಟು ಆ ಭಾಗವನ್ನು ಪ್ರೆಶರ್ ಪ್ಲೇಟಿನಲ್ಲಿ, ಅಂದರೆ ಒತ್ತಡ ಹಾಕಿ ನೀರನ್ನು ಹೊರಡಿಸಿ ಅಳೆಯುವ ಉಪಕರಣದಲ್ಲಿ, ಅಳೆಸಿ. ಲೆಕ್ಕವನ್ನು ಕ್ಯಾಪಿಲರಿ ಒತ್ತಡದ ಲಾಗರಿದಮ್ಮಿನಲ್ಲಿ ಮಾಡಿ.

ಆವಿ ಮತ್ತು ದ್ರವ ಒಂದೇ ದಿಕ್ಕಿಗೆ ಹೋಗಬೇಕು ಎಂಬ ನಿಯಮವೂ ಇಲ್ಲ. ಹೊರಗೆ ಚಳಿ, ಒಳಗೆ ಬೆಚ್ಚಗೆ ಇದ್ದಾಗ ಆವಿಯ ಒತ್ತಡ ಒಳಗೆ ಹೆಚ್ಚಿರುವುದರಿಂದ ಆವಿ ಒಳಗಿನಿಂದ ಹೊರಗೆ ಹೋಗುತ್ತದೆ. ಆದರೆ ತಣ್ಣಗಿರುವ ಹೊರಮೈಯಲ್ಲಿ ಆರ್ದ್ರತೆ ಹೆಚ್ಚು. ಹಾಗಾಗಿ ಅದೇ ಗೋಡೆಯಲ್ಲಿ, ಅದೇ ಹೊತ್ತಿನಲ್ಲಿ ದ್ರವ ನೀರು ಒಳಗೆ ಬರುತ್ತಿರಬಹುದು. ನನಗೆ ಈ ವಿಷಯದಲ್ಲಿ ಇವತ್ತಿಗೂ ಅತಿ ಚೆಂದ ಅನಿಸುವುದು ಇದೇ.

ವಸ್ತು ನೀರನ್ನು ಎಷ್ಟು ಬೇಗ ಹೀರುತ್ತದೆ ಎಂದು ಹೇಳುವ ಹೀರಿಕೆ ಗುಣಾಂಕದ ಬಗ್ಗೆ ಒಂದೇ ಮಾತು. ಅದು ಗಂಟೆಯ ವರ್ಗಮೂಲದಲ್ಲಿದೆಯೋ ಸೆಕೆಂಡಿನ ವರ್ಗಮೂಲದಲ್ಲಿದೆಯೋ ನೋಡಿ ಹಾಕಿ. ತಪ್ಪಿದರೆ 60 ಪಟ್ಟು ವ್ಯತ್ಯಾಸ.

ತೊಲೆಯ ಮಾಲೀಕರಿಗೆ ನಾನು ಹೇಳಿದ್ದು: ಮೊದಲು ಗೋಡೆಯ ಹೊರಗೆ ಬಂದು ನೋಡಿ. ಮೇಲಿನ ಮಳೆನೀರಿನ ಕೊಳವೆ ಬಿರುಕು ಬಿಟ್ಟು ಇಟ್ಟಿಗೆ ಮೇಲೆಯೇ ಸುರಿಯುತ್ತಿತ್ತು. ಅದನ್ನು ಸರಿಮಾಡಿಸಿದರು. ತೊಲೆ ಉಳಿಯಿತು. ಹಾಗಂತ ಎಲ್ಲ ತೊಲೆಯೂ ಉಳಿಯುತ್ತದೆ ಎಂದು ಭರವಸೆ ಕೊಡಲಾರೆ. ಮರದ ತೇವ ಶೇ. 20ಕ್ಕಿಂತ ಕೆಳಗಿದ್ದರೆ ಸಾಮಾನ್ಯವಾಗಿ ಕೊಳೆಯುವಿಕೆ ಶುರುವಾಗುವುದಿಲ್ಲ, ಆದರೆ ಗೋಡೆಯೊಳಗೆ ಹುದುಗಿದ ತುದಿಯನ್ನು ಬಿಡಿಸಿ ನೋಡದೆ ಯಾರೂ ಖಚಿತವಾಗಿ ಹೇಳಬಾರದು. ಇಟ್ಟಿಗೆಯ ಗುಣಗಳೂ ಒಂದೇ ಗೂಡಿನಲ್ಲಿ ಸುಟ್ಟವುಗಳ ನಡುವೆಯೇ ಬದಲಾಗುತ್ತವೆ. ನಿಮ್ಮ ಗೋಡೆಯ ಮಾದರಿ ಇಲ್ಲದೆ ನಾನು ಕೊಡುವ ಸಂಖ್ಯೆಯನ್ನು ಅಂದಾಜು ಎಂದೇ ಓದಿಕೊಳ್ಳಿ.

ಮಾದರಿ ಕಳಿಸುವವರು ಬರೀ ಶೇಕಡ ಬರೆದು ಕಳಿಸಬೇಡಿ. ವಸ್ತು ಯಾವುದು, ಒಣ ಸಾಂದ್ರತೆ ಎಷ್ಟು, ಗೋಡೆಯ ಎಷ್ಟು ಆಳದಿಂದ ತೆಗೆದದ್ದು, ಎಷ್ಟು ಡಿಗ್ರಿಯಲ್ಲಿ ಒಣಗಿಸಿದ್ದು, ಇಷ್ಟೂ ಬೇಕು. ಇಟ್ಟಿಗೆಯನ್ನು 105 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಣಗಿಸಬಹುದು. ಜಿಪ್ಸಮ್ ಗಾರೆಯನ್ನು ಮಾತ್ರ 40 ಡಿಗ್ರಿ ದಾಟಿಸಬೇಡಿ. ಅದರ ಹರಳಿನೊಳಗಿನ ನೀರೂ ಹೊರಟುಹೋಗಿ, ಒಣಗಿದ ಗಾರೆಯನ್ನೇ ಒದ್ದೆ ಎಂದು ತೋರಿಸುತ್ತದೆ.